ಏನ್ ತಿಂದಿ ಅಂತ ಕೇಳ್ತಾರ, ಏನ್ ಮುಟ್ಟಿದಿ ಅಂತ ಕೇಳಂಗಿಲ್ಲ

ಮೈ ಕೆರಿಯೋದಕ್ಕ ನಮ್ಮ ಕಡಿ ತಿಂಡಿ ಅಂತೀವಿ. ಬೆಂಗಳೂರಿನವರ ಮುಂದ "ಮೈ ತುಂಬ ತಿಂಡಿ ಎದ್ದದ" ಅಂದರ ಅವರಿಗಿ ಇಡ್ಲಿ, ಉಪ್ಪಿಟ್ಟು ನೆನಪಾಗ್ತಾವ. ಮೈಮ್ಯಾಲ ಕೆಂಪಗ ಉಬ್ಬಿ, ಗುಳ್ಳಿ ಗುಳ್ಳಿ ಎದ್ದು, ಒಂದಕ್ಕೊಂದು ಕೂಡಿ ಅಂಗೈ ಅಗಲ ಆದರ ಅದಕ್ಕ ಗಂಧಿ, ಪಿತ್ತದ ಗಂಧಿ ಅಂತೀವಿ. "ಪಿತ್ತ ಎದ್ದದ ನೋಡು" ಅಂದರ ಸೇಡಂನಿಂದ ಶಹಾಬಾದ ತನಕ ಯಾವ ಹೆಣ್ಮಗಳಿಗೂ ಬಿಡಿಸಿ ಹೇಳೋದು ಬೇಕಾಗಿಲ್ಲ. ಮರಾಠಿ ಮಾತಾಡೋ ನೆರೆಮನಿಯವರೂ ಇದಕ್ಕ ಪಿತ್ತ ಎದ್ದದ ಅಂತೇ ಅಂತಾರ.

ಪಿತ್ತ ಅಂದ ಕೂಡ್ಲೆ ಮುಂದಿನ ಮಾತು ಯಾವಾಗೂ ಒಂದೇ: "ಏನ್ ತಿಂದಿದ್ದಿ?" ಬದನಿಕಾಯಿ ಬಿಡು, ಶೇಂಗಾ ಬಿಡು, ಮೊಸರು ಬಿಡು, ಹುಳಿ ಬಿಡು. ಬಿಟ್ಟು ಬಿಟ್ಟು ಕಡೀಗಿ ಗಂಗಾಳದಾಗ ರೊಟ್ಟಿ ಮತ್ತ ಬ್ಯಾಳಿ ಅಷ್ಟೇ ಉಳಿತಾವ. ತಿಂಡಿ ಮಾತ್ರ ಇದ್ದಂಗೇ ಇರ್ತದ. ಆಮ್ಯಾಲ ಬರೋ ಮಾತು ಇನ್ನೂ ಕೆಟ್ಟದ್ದು: "ಬಾಯಿ ಕಟ್ಟಲಿಲ್ಲ, ಅದಕ್ಕೇ ಹಿಂಗ ಆಯ್ತು."

ಈ ಸಲ ನಾನು ಬರೆಯಾಕ ಹೊಂಟಿದ್ದು ಆ ಪ್ರಶ್ನಿಯ ಇತಿಹಾಸ. ಮೊದಲಿನವರು ತಿಂಡಿಗಿ ಏನೇನು ಕಾರಣ ಹೇಳಿದ್ರು, ಆಮ್ಯಾಲ ನಮ್ಮ ಊರುಗಳಿಗಿ ಯಾವ ಹೊಸ ವಸ್ತು ಬಂದವು, "ಏನ್ ತಿಂದಿ" ಅನ್ನೋ ಒಂದೇ ಪ್ರಶ್ನಿ ಯಾಕ ಸಾಲದಂಗ ಆಯ್ತು ಅನ್ನೋದು.

ಹಳೆ ಪುಸ್ತಕದಾಗ ಏನದ

ಆಯುರ್ವೇದದಾಗ ಗಂಧಿಗಿ ಶೀತಪಿತ್ತ ಅಂತ ಹೆಸರು. ಸುಮಾರು 1,300 ವರ್ಷದ ಹಿಂದ ಮಾಧವಕರ ಬರೆದ ಮಾಧವನಿದಾನ ಅನ್ನೋ ಪುಸ್ತಕದಾಗ ಶೀತಪಿತ್ತ, ಉದರ್ದ, ಕೋಠ ಅಂತ ಮೂರು ಬ್ಯಾನಿ ಕೂಡಿಸಿ ಒಂದು ಅಧ್ಯಾಯನೇ ಅದ. ಕಣಜ ಕಡದಂಗ ಚರ್ಮ ಉಬ್ಬತದ, ತಿಂಡಿ ಬಿಡತದ, ಚುಚ್ಚಿದಂಗ ಆಗತದ ಅಂತ ಅದರಾಗ ಹೇಳ್ಯಾರ. ಇವತ್ತು ಗಂಧಿ ನೋಡಿದವರು ಯಾರಾದರೂ ಹೌದು ಅನ್ನೋ ಮಾತದು.

ಅದಕ್ಕ ಅವರು ಮೊದಲು ಹೇಳಿದ ಕಾರಣ ಏನು? ತಣ್ಣನ ಗಾಳಿ ಮೈಗಿ ತಾಕೋದು. ಹೊರಗಿನ ತಣ್ಣನ ಗಾಳಿ ಒಳಗಿನ ಕಫ, ವಾತ ಕೆಡಸತದ, ಅವು ಪಿತ್ತದ ಜೊತಿ ಕೂಡಿ ಹೊರಗೂ ಒಳಗೂ ಹರಡತಾವ ಅನ್ನೋದು ಅವರ ಲೆಕ್ಕ. ಹೆಸರಿನ ಮೊದಲ ಪದನೇ ಶೀತ. ನಾವು ಶೀತ ಬಿಟ್ಟು ಬರೇ ಪಿತ್ತ ಉಳಿಸಿಕೊಂಡೀವಿ. ಪಿತ್ತ ಅಂದರ ಹೊಟ್ಟಿ, ಹೊಟ್ಟಿ ಅಂದರ ಊಟ, ಊಟ ಅಂದರ ತಿಂದಾಕಿ ತಪ್ಪು. ಹಿಂಗ ಹೊರಗಿನ ಕಾರಣ ಮಾತಿನಿಂದಲೇ ಜಾರಿ ಹೋಯ್ತು.

ನಮ್ಮ ಆಯಿ ಗಂಧಿ ಎದ್ದವರಿಗಿ ಕಂಬಳಿ ಹೊಚ್ಚಿ ಮಲಗಸ್ತಿದ್ಳು, ಹುರಮಂಜು ನೀರಾಗ ಕಲಸಿ ಹಚ್ಚತಿದ್ಳು. ಕೆಮ್ಮಣ್ಣಿನ ಉಪಚಾರ ಆಯುರ್ವೇದದಾಗೂ ಅದ, ಅಲ್ಲಿ ಅದಕ್ಕ ಗೈರಿಕ ಅಂತಾರ. ಕಂಬಳಿ ಯಾಕಂದರ ಗಾಳಿ ತಾಕಬಾರದು ಅಂತ. ಹಳೆ ಪುಸ್ತಕದ ಮಾತು ಬಾಯಾಗಿಂದ ಹೋದರೂ ಕೈಯಾಗ ಉಳಿದಿತ್ತು. ಖರೇನೂ ಕೆಲವರಿಗಿ ತಣ್ಣನ ಗಾಳಿ, ತಣ್ಣೀರು ತಾಕಿದರ ಗಂಧಿ ಏಳತಾವ, ಇವತ್ತಿನ ಡಾಕ್ಟರುಗಳೂ ಇದನ್ನ ಒಪ್ಪತಾರ. ಅಂಥವರಿಗಿ ಬೆಚ್ಚಗ ಇರೋದು ಒಳ್ಳೇದು. ಆದರ ಒರಟು ಕಂಬಳಿಯಿಂದ ತಿಕ್ಕಿದರ ಗಂಧಿ ಇನ್ನೂ ಹೆಚ್ಚಾಗತಾವ.

ಊಟದ ಕಡಿ ಒತ್ತು ಕೊಟ್ಟವರೂ ನಮ್ಮ ನೆಲದಾಗ ಇದ್ದರು. ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅನ್ನೋದು ನಮಗೆಲ್ಲ ಗೊತ್ತದ. 9ನೇ ಶತಮಾನದಾಗ ಅಮೋಘವರ್ಷ ನೃಪತುಂಗನ ಕಾಲಕ್ಕ ಉಗ್ರಾದಿತ್ಯಾಚಾರ್ಯ ಅನ್ನೋ ಜೈನ ಪಂಡಿತರು ಕಲ್ಯಾಣಕಾರಕ ಅಂತ ವೈದ್ಯದ ಪುಸ್ತಕ ಬರೆದರು. ಮಾಂಸ, ಹೆಂಡ, ಜೇನು ಇಲ್ಲದೇ ಔಷಧ ಮಾಡೋದು ಅದರ ವಿಶೇಷ. ಯಾವುದು ತಿನ್ನಬೇಕು, ಯಾವುದು ತಿನ್ನಬಾರದು ಅನ್ನೋ ವಾದ ಕಾಗಿಣಾ ದಂಡಿ ಮ್ಯಾಲ ಅಷ್ಟು ಹಿಂದೇ ನಡದದ. ಪಥ್ಯದ ಮಾತು ನಮಗ ಹಳೇದು, ಗೌರವದ್ದು. ಅದು ಬ್ಯಾಡ ಅಂತ ನಾನು ಹೇಳಾಕತ್ತಿಲ್ಲ. ಆದರ ಆ ಕಾಲಕ್ಕ ಇಲ್ಲದ ವಸ್ತುಗಳು ಈಗ ನಮ್ಮ ಅಂಗಳದಾಗ, ಹೊಲದಾಗ ಅವ.

ಹಿರಿಯರಿಗಿ ಗೊತ್ತಿದ್ದ ಮುಟ್ಟುವ ತಿಂಡಿ

ಮುಟ್ಟಿದರ ತಿಂಡಿ ಬರತದ ಅನ್ನೋದು ಹಿರಿಯರಿಗಿ ಗೊತ್ತಿರಲಿಲ್ಲ ಅಂತೇನಿಲ್ಲ. ನುಗ್ಗಿ ಗಿಡಕ್ಕ ಕಂಬಳಿ ಹುಳ ಬಿದ್ದಾಗ ಹುಡುಗರನ್ನ ಗಿಡದ ಬುಡಕ್ಕ ಬಿಡತಿರಲಿಲ್ಲ. ಚಿಂಚೋಳಿ ಕಡಿ ಅಡವಿ ಅಂಚಿನ ಊರಾಗ ನಸುಗುನ್ನಿ ಕಾಯಿ ಅಂದರ ದೂರ ನಿಲ್ಲತಾರ, ಅದರ ಮ್ಯಾಲಿನ ಸಣ್ಣ ಸುಂಕು ತಾಕಿದರ ಸಾಕು. ಕರಿಗೇರಿನ ಕಾಯಿಯ ಎಣ್ಣಿ ಚರ್ಮಕ್ಕ ಹತ್ತಿದರ ಸುಟ್ಟಂಗ ಆಗತದ ಅಂತ ಅಗಸರಿಗೂ ಗೊತ್ತಿತ್ತು, ನಾಟಿ ಔಷಧ ಕೊಡೋರಿಗೂ ಗೊತ್ತಿತ್ತು. ಮರಾಠಿಯವರು ಬಿಬ್ಬಾ ಅಂತಾರ, ಅದೇ ಇದು. ಅಗಸರು ಬಟ್ಟಿಗಿ ಗುರುತು ಹಾಕಾಕ ಅದೇ ಎಣ್ಣಿ ಬಳಸತಿದ್ರು, ಯಾಕಂದರ ಎಷ್ಟು ಒಗದರೂ ಆ ಕರಿ ಗುರುತು ಹೋಗಂಗಿಲ್ಲ. ಎರಡನೇ ಮಹಾಯುದ್ಧದಾಗ ಭಾರತಕ್ಕ ಬಂದಿದ್ದ ಅಮೆರಿಕದ ಸಿಪಾಯಿಗಳಿಗಿ ಅಂಗಿ ಕೊರಳಪಟ್ಟಿ ತಾಕೋ ಜಾಗದಾಗ ತಿಂಡಿ, ನೀರು ಗುಳ್ಳಿ ಎದ್ದವು. ಅದು ಅಗಸರ ಗುರುತಿನಿಂದ ಬಂದದ್ದು ಅಂತ ಅವರ ಮಿಲಿಟರಿ ಡಾಕ್ಟರುಗಳು 1943ರಾಗ ಬರದಾರ.

ಕಂಬಳಿ ಹುಳ, ನಸುಗುನ್ನಿ ತಾಕಿದಾಗ ಯಾರೂ "ಏನ್ ತಿಂದಿ" ಅನ್ನಂಗಿಲ್ಲ. ಯಾಕಂದರ ತಾಕಿದ ಗಳಿಗಿಗೇ ತಿಂಡಿ ಶುರು ಆಗತದ, ಕಾರಣ ಕಣ್ಮುಂದೇ ಇರತದ. ತಾಕಿದ್ದು ಸೋಮವಾರ, ತಿಂಡಿ ಎದ್ದದ್ದು ಬುಧವಾರ ಆದರ ಏನಾಗತದ? ನಡುವ ನಾಕು ಊಟ ಆಗಿರ್ತಾವ. ಬಟ್ಟು ಊಟದ ಕಡೀಗೇ ಹೋಗತದ. ಮುಂದ ನಮ್ಮ ಊರಿಗಿ ಬಂದ ಎರಡು ದೊಡ್ಡ ತಿಂಡಿಗಳು ಈ ತಡ ಮಾಡೋ ಜಾತಿಯವು.

ರೈಲು, ಫರ್ಸಿ, ಸಿಮೆಂಟು

1874ರಾಗ ವಾಡಿಯಿಂದ ಸಿಕಂದರಾಬಾದಕ್ಕ ನಿಜಾಮರ ರೈಲು ಶುರು ಆಯ್ತು. ಅದೇ ಹಳಿ ಮ್ಯಾಲ ಚಿತ್ತಾಪುರ, ಮಳಖೇಡ ರೋಡ್, ಸೇಡಂ ಸ್ಟೇಶನ್ನು ಅವ. ಶಹಾಬಾದ ಮುಂಬೈ-ಮದ್ರಾಸ್ ಲೈನಿನ ಮ್ಯಾಲ ಅದ. ನೆಲದ ಕೆಳಗ ಸುಣ್ಣದ ಕಲ್ಲು, ಬಾಜು ರೈಲು. ಶಹಾಬಾದಿ ಫರ್ಸಿ ದೇಶದ ತುಂಬ ಹೋತು. ಆ ಕಲ್ಲೇ ಮುಂದ ಸಿಮೆಂಟು ಆಯ್ತು. 1936ರಾಗ ಹತ್ತಾರು ಸಿಮೆಂಟು ಕಂಪನಿ ಕೂಡಿ ಎಸಿಸಿ ಆದಾಗ ಶಹಾಬಾದ ಕಾರ್ಖಾನಿ ಅದರಾಗಿತ್ತು. 1968ರಾಗ ವಾಡಿ ಕಾರ್ಖಾನಿ ಬಂತು. 1980ರ ದಶಕದಾಗ ಸೇಡಂ, ಮಳಖೇಡ ಕಡಿ ದೊಡ್ಡ ಕಾರ್ಖಾನಿ ನಿಂತವು. ಮನಿತನಗಳು ನಡದವು, ಸಾಲಿ ಬಂದವು, ಮಕ್ಕಳು ಓದಿದ್ರು. ಇದೆಲ್ಲ ಖರೇ.

ಅದರ ಜೊತಿ ಮನಿ ಕಟ್ಟೋ ರೀತಿನೂ ಬದಲಾಯ್ತು. ಮೊದಲು ಮಣ್ಣು, ಸುಣ್ಣ, ಫರ್ಸಿಯಿಂದ ಮಾಳಿಗಿ ಮನಿ. ಸುಣ್ಣನೂ ಕೈ ಸುಡತದ, ಆದರ ಸುಟ್ಟಿದ್ದು ಅವತ್ತೇ ತಿಳಿತದ. ಈಗ ಎಲ್ಲಾ ಕಡಿ ಸಿಮೆಂಟಿನ ಮಾಲು. ಗೌಂಡಿ ಗಂಡಸು, ಮಾಲು ಕಲಸಿ ಬುಟ್ಟಿ ಹೊರೋರು ಹೆಣ್ಮಕ್ಕಳು. ಬರಿಗೈಲೆ.

ಸಿಮೆಂಟಿನ ತಿಂಡಿಯ ಕತಿ ನಮ್ಮಲ್ಲಿ ಶುರು ಆದದ್ದಲ್ಲ. ಪ್ಯಾರಿಸಿನಾಗ ಭೂಮಿ ಕೆಳಗ ಮೆಟ್ರೋ ರೈಲು ಕಟ್ಟೋ ಕೂಲಿಯವರ ಕೈ ಒಡದು, ಕೆರದು, ನೀರು ಸೋರತಿತ್ತು. 1908ರಾಗ ರೆನೆ ಮಾರ್ತಿಯಾಲ್ ಅನ್ನೋ ಡಾಕ್ಟರ್ ಅದಕ್ಕ ಸಿಮೆಂಟಿನ ಕಜ್ಜಿ ಅಂತ ಹೆಸರು ಕೊಟ್ಟರು. ಹಸಿ ಸಿಮೆಂಟು ಭಾಳ ಖಾರ, ಅದೇ ಸುಡತದ ಅಂತ ಎಲ್ಲರೂ ತಿಳಕೊಂಡಿದ್ರು. ಆದರ ಎಷ್ಟೋ ವರ್ಷ ಏನೂ ಆಗದವನಿಗಿ ಒಮ್ಮಿಂದೊಮ್ಮಿಗೇ ಯಾಕ ಬರತದ, ಒಂದು ಸಲ ಬಂದರ ಮುಂದ ಚೂರು ಸಿಮೆಂಟು ಹತ್ತಿದರೂ ಯಾಕ ಕೆರಳತದ ಅನ್ನೋದು ತಿಳಿದಿರಲಿಲ್ಲ. 1950ರಾಗ ಸ್ವಿಟ್ಜರ್ಲೆಂಡಿನ ಯೇಗರ್ ಮತ್ತ ಪೆಲ್ಲೋನಿ ಅನ್ನೋ ಇಬ್ಬರು ಡಾಕ್ಟರುಗಳು ಗುಟ್ಟು ಬಿಡಿಸಿದರು. ಸಿಮೆಂಟಿನಾಗ ಚೂರೇ ಚೂರು ಕ್ರೋಮಿಯಂ ಅನ್ನೋ ಲೋಹದ ಉಪ್ಪು ಇರತದ. ಅದು ನೀರಾಗ ಕರಗಿ ಚರ್ಮದಾಗ ಇಳೀತದ. ಮೈ ಅದನ್ನ ಒಮ್ಮಿ ವೈರಿ ಅಂತ ಗುರುತು ಹಿಡಿತಂದರ ಆ ಗುರುತು ಹೋಗೋದು ಕಷ್ಟ.

ಇದಕ್ಕ ಉಪಾಯನೂ ಸಿಕ್ಕದ. ಸಿಮೆಂಟಿಗಿ ಸ್ವಲ್ಪ ಫೆರಸ್ ಸಲ್ಫೇಟ್, ಅಂದರ ಕಬ್ಬಿಣದ ಒಂದು ಉಪ್ಪು ಬೆರಸಿದರ ಆ ಕ್ರೋಮಿಯಂ ತಿಂಡಿ ಮಾಡದ ರೂಪಕ್ಕ ಬರತದ. ಡೆನ್ಮಾರ್ಕಿನವರು 1980ರ ದಶಕದ ಮೊದಲಿಗೇ ಇದನ್ನ ಶುರು ಮಾಡಿದರು, ಅಲ್ಲಿ ಸಿಮೆಂಟಿನ ತಿಂಡಿ ಕಡಿಮಿ ಆಯ್ತು. 2005ರಿಂದ ಯುರೋಪಿನ ದೇಶಗಳಾಗ ಸಿಮೆಂಟಿನ ಹತ್ತು ಲಕ್ಷ ಪಾಲಿನಾಗ ಇಂಥ ಕ್ರೋಮಿಯಂ ಎರಡು ಪಾಲಿಗಿಂತ ಹೆಚ್ಚು ಇರಬಾರದು ಅಂತ ಕಾಯಿದಿ ಆಗ್ಯಾದ.

ನಮ್ಮ ಬಳಗದಾಗ ಒಬ್ಬ ಸಣ್ಣವ್ವ ಹನ್ನೆರಡು ವರ್ಷ ಮಾಲು ಹೊತ್ತಾಳ. ಕೈ ಬೆರಳ ಸಂದಿ ಒಡದು, ರಾತ್ರಿ ಕೆರದು ಕೆರದು ನಿದ್ದಿ ಇರತಿರಲಿಲ್ಲ. ಅಕಿಗಿ ಬದನಿಕಾಯಿ, ಶೇಂಗಾ, ತತ್ತಿ ಎಲ್ಲಾ ಬಿಡಿಸಿದ್ರು. ಮಳಿಗಾಲದಾಗ ಕೆಲಸ ನಿಂತು ಎರಡು ತಿಂಗಳು ಮನ್ಯಾಗ ಕುಂತರ ಕೈ ಆರತಿತ್ತು. "ನೋಡು, ಪಥ್ಯ ಹಿಡೀತು" ಅಂತಿದ್ರು. ಕೆಲಸ ಶುರು ಆದ ವಾರದಾಗ ಮತ್ತ ಶುರು. ಆಗ "ಪಥ್ಯ ಕೆಡಿಸಿದಿ" ಅಂತ ಅಕಿಗೇ ಬೈಗಳು. ಕೈ ಆರಿದ್ದು ಯಾಕ ಅಂತ ಸಣ್ಣವ್ವ ತಾನೇ ಕಂಡುಹಿಡದಳು. ಹೊಲದ ಕೂಲಿಗಿ ಹೋದ ವರ್ಷ ಎಲ್ಲಾ ತಿಂದಳು, ಕೈ ಏನೂ ಆಗಲಿಲ್ಲ.

ಕಾಂಗ್ರೆಸ್ ಕಸ

ಎರಡನೇ ತಿಂಡಿ ಹೊಲದಾಗೇ ಕಾಯತಿತ್ತು. ಕಾಂಗ್ರೆಸ್ ಕಸ ನೋಡದ ಹೆಣ್ಮಗಳು ನಮ್ಮಲ್ಲಿ ಇಲ್ಲ. ಹಳಿ ಗುಂಟ, ಖಣಿ ದಿಬ್ಬದ ಮ್ಯಾಲ, ಸಾಲಿ ಅಂಗಳದಾಗ, ತೊಗರಿ ಹೊಲದ ಬದುವಿನ ಮ್ಯಾಲ, ಎಲ್ಲಾ ಕಡಿ ಅದೇ. ಬಿಳಿ ಹೂ ಕಾಂಗ್ರೆಸ್ಸಿನವರ ಗಾಂಧಿ ಟೊಪ್ಪಿಗಿ ಹಂಗ ಕಾಣತದ ಅಂತ ಜನ ಆ ಹೆಸರು ಇಟ್ಟಾರ ಅಂತ ಹೇಳತಾರ. ಶಾಸ್ತ್ರದ ಹೆಸರು ಪಾರ್ಥೇನಿಯಂ. ಅದರ ತವರುಮನಿ ಮೆಕ್ಸಿಕೋ ಕಡಿ.

1955ರಾಗ ಪುಣೆದಾಗ ಒಂದು ಕಸದ ಗುಂಡಿ ಮ್ಯಾಲ ಇದು ಕಣ್ಣಿಗಿ ಬಿತ್ತು, ಮರುವರ್ಷ ಸಸ್ಯಶಾಸ್ತ್ರದವರು ಬರೆದು ಪ್ರಕಟ ಮಾಡಿದರು. ಅಮೆರಿಕದ ಪಿಎಲ್ 480 ಗೋಧಿ ಜೊತಿ ಬಂತು ಅಂತ ಎಲ್ಲರೂ ಹೇಳೋದು. ತಾರೀಖು ನೋಡಿದರ ಸ್ವಲ್ಪ ತೊಡಕದ. ಆ ಗೋಧಿಯ ಒಪ್ಪಂದ ಭಾರತದ ಜೊತಿ ಆದದ್ದು 1956ರಾಗ, ಗಿಡ ಕಂಡದ್ದು ಒಂದು ವರ್ಷ ಮೊದಲು. ಆದರ 1951ರಾಗೇ ಅಮೆರಿಕದಿಂದ ಸಾಲದ ಗೋಧಿ ಹಡಗಿನಾಗ ಬಂದಿತ್ತು. ಯಾವ ಚೀಲದಾಗ ಬಂದರೂ ಇರಲಿ, ಇಪ್ಪತ್ತು ವರ್ಷದಾಗ ಅದು ಕರ್ನಾಟಕದ ತುಂಬ ಹಬ್ಬಿತ್ತು. ಒಂದೊಂದು ಗಿಡ ಹತ್ತು, ಇಪ್ಪತ್ತು ಸಾವಿರ ಸಣ್ಣ ಬೀಜ ಉದರಸತದ. ದನ ತಿನ್ನಂಗಿಲ್ಲ, ಕುರಿ ತಿಂದರ ಹಾಲು ಕಹಿ. 1975ರಾಗ ಕರ್ನಾಟಕ ಸರಕಾರ ಕಾಯಿದಿ ಪ್ರಕಾರ ಇದನ್ನ ಪೀಡೆ ಕಳೆ ಅಂತ ಸಾರಿತು.

ತಿಂಡಿಯ ಸುದ್ದಿ ಮೊದಲು ಪುಣೆ ಕಡಿಯಿಂದ ಬಂತು. 1970ರ ದಶಕದಾಗ ಡಾಕ್ಟರುಗಳು ಇದರ ಮ್ಯಾಲ ಬರೆಯಾಕ ಹತ್ತಿದರು. 1977ರಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ವಿ. ಸುಬ್ಬರಾವ್ ಮತ್ತ ಅವರ ಜೊತಿಗಾರರು ಈ ಗಿಡದ ಸಂಪರ್ಕಕ್ಕ ಬಂದವರನ್ನ ಪರೀಕ್ಷಿಸಿ ವರದಿ ಕೊಟ್ಟರು. ಗಿಡದ ಎಲಿ, ಹೂವಿನ ಮ್ಯಾಲಿನ ಸಣ್ಣ ಕೂದಲದಾಗ ಪಾರ್ಥೆನಿನ್ ಅನ್ನೋ ವಸ್ತು ಅದ, ಚರ್ಮಕ್ಕ ಆಗದವರಿಗಿ ಅದೇ ಮುಳುವು. ಗಿಡ ಮುಟ್ಟಲೇಬೇಕು ಅಂತಿಲ್ಲ. ಒಣಗಿದ ಗಿಡದ ಪುಡಿ ಗಾಳ್ಯಾಗ ಹಾರಿ ಬಂದು ಮಾರಿ, ಕಣ್ಣರೆಪ್ಪಿ, ಕೊರಳು, ಮೊಳಕೈ ಒಳಮೈ ಮ್ಯಾಲ ಕುಂತರ ಸಾಕು. ಚರ್ಮ ದಪ್ಪ ಆಗತದ, ಕಪ್ಪಾಗತದ, ಮಳಿಗಾಲ ಬಂದರ ಕೆರಳತದ.

ಆಗಿನ ದವಾಖಾನಿ ವರದಿಗಳಾಗ ಗಂಡಸರೇ ಹೆಚ್ಚು, ಹೆಣ್ಮಕ್ಕಳು ಭಾಳ ಕಡಿಮಿ. ಹೊಲದಾಗ ಕುಂತು ಕಸ ತೆಗೆಯೋರು ಯಾರು ಅಂತ ನಮಗ ಗೊತ್ತದ. ನನಗನಸೋದು, ಅದು ದವಾಖಾನಿ ಬಾಗಲು ತನ ಹೋದವರ ಲೆಕ್ಕ. ಹೆಣ್ಮಕ್ಕಳ ತಿಂಡಿ ಮನ್ಯಾಗೇ ಪಿತ್ತ ಅಂತ ಬರೆದು ಮುಗದಿತ್ತು.

ಇನ್ನೊಂದು ಮಾತು. ಶ್ಯಾವಂತಿಗಿ, ಸೂರ್ಯಕಾಂತಿ ಎರಡೂ ಇದೇ ಗಿಡದ ಕುಲದವು. ಕಾಂಗ್ರೆಸ್ ಕಸ ಆಗದ ಕೆಲವರಿಗಿ ಶ್ಯಾವಂತಿಗಿ ಹೂ ಮುಡದರ ಕೊರಳ ಹಿಂದ, ಕಿವಿ ಬಾಜು ತಿಂಡಿ ಏಳತದ. ಹೂವಿಗಿ ಮೈಲಿಗಿ ಆಗ್ಯಾದ, ದೇವರು ಮುನಿದಾನ ಅಂತ ಅಂದುಕೊಳ್ಳೋದು ಬ್ಯಾಡ. ಕುಲದ ಗುಣ ಅದು.

ಕಸ ತೆಗೆಯಾಕ ಮೆಕ್ಸಿಕೋದಿಂದೇ ಒಂದು ಹುಳ ತಂದರು. 1984ರಾಗ ಬೆಂಗಳೂರಿನಾಗ ಮೊದಲು ಬಿಟ್ಟರು. ಬಿಳಿ ಹಳದಿ ಮೈ, ಕರಿ ಗೆರಿ, ತೊಗರಿ ಬ್ಯಾಳಿಯಷ್ಟು ದೊಡ್ಡದು. ಮಳಿಗಾಲದಾಗ ಎಲಿ ತಿಂದು ಗಿಡ ಬೋಳು ಮಾಡತದ. 1990ರ ಸುಮಾರಿಗಿ ಇದು ಸೂರ್ಯಕಾಂತಿನೂ ತಿನ್ನತದ ಅಂತ ದೊಡ್ಡ ಗದ್ದಲ ಎದ್ದು, ಸರಕಾರ ಸಮಿತಿ ಮಾಡಿ ನೋಡಿತು. ಹುಳ ಈಗೂ ಅದ, ಕಸನೂ ಅದ.

ಮೈಯೊಳಗಿನ ಎರಡು ಗಡಿಯಾರ

ಗಂಧಿ ಬ್ಯಾರೆ, ಸಿಮೆಂಟು ಮತ್ತ ಕಾಂಗ್ರೆಸ್ ಕಸದ ತಿಂಡಿ ಬ್ಯಾರೆ. ಎರಡಕ್ಕೂ ಅಲರ್ಜಿ ಅಂತೀವಿ. ಆ ಪದ 1906ರಾಗ ವಿಯೆನ್ನಾದ ಪಿರ್ಕೆ ಅನ್ನೋ ಮಕ್ಕಳ ಡಾಕ್ಟರ್ ಹುಟ್ಟಿಸಿದ್ದು. ಆದರ ಇವೆರಡರ ಗಡಿಯಾರ ಒಂದೇ ಅಲ್ಲ.

ಗಂಧಿಯ ಗಡಿಯಾರ ಮಿನಿಟಿನದು. ಚರ್ಮದ ಕೆಳಗ ಕೆಲವು ಕೋಶಗಳು ಹಿಸ್ಟಮಿನ್ ಅನ್ನೋ ವಸ್ತು ತುಂಬಿಕೊಂಡು ಕುಂತಿರ್ತಾವ. ಕೆರಳಿದರ ಅದನ್ನ ಹೊರಗ ಚೆಲ್ಲತಾವ. ರಕ್ತನಾಳದಿಂದ ನೀರು ಜಿನುಗಿ ಚರ್ಮ ಉಬ್ಬತದ, ತಿಂಡಿ ಬಿಡತದ. ಅವು ಕೆರಳೋದರಾಗ ಒಂದು ದೊಡ್ಡ ದಾರಿ ಕಂಡುಹಿಡಿದವರು ಜಪಾನಿನ ಗಂಡ ಹೆಂಡತಿ, ಕಿಮಿಶಿಗೆ ಮತ್ತ ತೆರುಕೋ ಇಶಿಜಾಕಾ. 1966ರಾಗ ಅಮೆರಿಕದಾಗ ಕೆಲಸ ಮಾಡತಿದ್ದಾಗ ರಕ್ತದಾಗಿನ ಹೊಸ ವಸ್ತು ಗುರುತಿಸಿದರು, ಅದನ್ನ ತಮ್ಮ ಚರ್ಮದ ಮ್ಯಾಲೇ ಚುಚ್ಚಿಕೊಂಡು ಪರೀಕ್ಷೆ ಮಾಡಿದರು. 1968ರಾಗ ಅದಕ್ಕ ಐಜಿಇ ಅಂತ ಹೆಸರಾಯ್ತು. ಅಲರ್ಜಿ ಟೆಸ್ಟಿನ ಚೀಟಿ ಮ್ಯಾಲ ಅದೇ ಹೆಸರು ಇರತದ. ಹಿಸ್ಟಮಿನ್ ತಡೆಯೋ ಮೊದಲ ಔಷಧ 1937ರಾಗ ಡ್ಯಾನಿಯಲ್ ಬೋವೆ ಅನ್ನೋರ ಕಡಿಯಿಂದ ಬಂತು, 1957ರಾಗ ಅವರಿಗಿ ನೊಬೆಲ್ ಸಿಕ್ಕಿತು. ನಮ್ಮ ಡಬ್ಬಿದಾಗಿನ ಅವಿಲ್, ಸಿಟ್ರಿಜಿನ್ ಎಲ್ಲಾ ಅದೇ ವಂಶದವು.

ಮುಟ್ಟಿದ ತಿಂಡಿಯ ಗಡಿಯಾರ ದಿನದ್ದು. ಅದನ್ನ ಮಾಡೋದು ರಕ್ತದ ಬ್ಯಾರೆ ಕೋಶಗಳು, ಅವು ಬಂದು ಕೂಡಾಕ ಒಂದರಿಂದ ಮೂರು ದಿನ ಬೇಕು. ಬಂದರ ವಾರಗಟ್ಟಲೆ ಹೋಗಂಗಿಲ್ಲ. ಇದನ್ನ ಹಿಡಿಯೋ ಪರೀಕ್ಷೆ 1895ರಾಗ ಯಾದಸ್ಸೋನ್ ಅನ್ನೋ ಡಾಕ್ಟರ್ ತೋರಿಸಿದ್ದು: ಅನುಮಾನದ ವಸ್ತು ಬೆನ್ನಿಗಿ ಹಚ್ಚಿ, ಪಟ್ಟಿ ಅಂಟಿಸಿ, ಎರಡು ದಿನ ಆದಮ್ಯಾಲ ಬಿಚ್ಚಿ ನೋಡೋದು. ಪ್ಯಾಚ್ ಟೆಸ್ಟ್ ಅಂದರ ಇದೇ. ಎರಡು ದಿನ ಕಾಯಬೇಕು ಅನ್ನೋದರಾಗೇ ನಮ್ಮ ಅಡಿಗಿ ಮನಿ ಮ್ಯಾಲಿನ ಅಪವಾದದ ಉತ್ತರ ಅದ.

ಮನ್ಯಾಗ ಹ್ಯಾಂಗ ಗುರುತಿಸೋದು

ಒಂದು ಗುಳ್ಳಿ ಸುತ್ತ ಪೆನ್ನಿನಿಂದ ಗೆರಿ ಹಾಕ್ರಿ. ಮರುದಿನದೊಳಗ ಅದು ಕಲಿ ಇಲ್ಲದಂಗ ಮಾಯ ಆಗಿ ಬ್ಯಾರೆ ಕಡಿ ಎದ್ದಿದ್ದರ ಗಂಧಿ. ಅಲ್ಲೇ ಇದ್ದು ಒರಟಾಗಿ, ನೀರು ಸೋರಿ, ಪೊರಿ ಎದ್ದರ ಅದು ಹೆಚ್ಚು ಮಾಡಿ ಮುಟ್ಟಿದ್ದರಿಂದ ಬಂದದ್ದು.

ಗಂಧಿ ಇದ್ದರ ಹಿಂದಿನ ಎರಡು ತಾಸಿನ ಲೆಕ್ಕ ಹಾಕ್ರಿ. ಮೀನು, ತತ್ತಿ, ಶೇಂಗಾದಂಥ ಊಟ ಇರಬಹುದು, ನೋವಿನ ಗುಳಿಗಿ ಇರಬಹುದು, ಪೆನಿಸಿಲಿನ್ ಸೂಜಿ ಇರಬಹುದು, ಜೇನುಹುಳ ಕಡದಿರಬಹುದು, ತಣ್ಣೀರೂ ಇರಬಹುದು. ಮಕ್ಕಳಿಗಿ ನೆಗಡಿ ಜ್ವರದ ಜೊತಿನೂ ಏಳತಾವ. ಆರು ವಾರ ದಾಟಿ ದಿನಾ ಏಳತಿದ್ದರ ಹೊರಗಿನ ಕಾರಣ ಸಿಗೋದೇ ಕಡಿಮಿ, ಮೈಯೇ ತಾನಾಗಿ ಕೆರಳಿರ್ತದ. ಅಂಥವರಿಗಿ ಒಂದೊಂದೇ ಪಲ್ಯ ಬಿಡಸ್ತಾ ಹೋದರ ಶಕ್ತಿ ಹೋಗತದ, ಗಂಧಿ ಹೋಗಂಗಿಲ್ಲ. ಡಾಕ್ಟರ್ ಹೇಳಿದ ಗುಳಿಗಿ ದಿನಾ ತಪ್ಪದೇ ತೊಗೊಂಡರ ಭಾಳ ಮಂದಿಗಿ ಆರಾಮ ಆಗತದ.

ಮುಟ್ಟಿದ ತಿಂಡಿ ಇದ್ದರ ಹಿಂದಿನ ಮೂರು ದಿನದ ಲೆಕ್ಕ ಹಾಕ್ರಿ. ಮಾಲು, ಕಾಂಗ್ರೆಸ್ ಕಸ, ಕೂದಲಕ್ಕ ಹಚ್ಚೋ ಕರಿ ಬಣ್ಣ, ಕರಿ ಮೆಹಂದಿ, ಡುಪ್ಲಿಕೇಟ್ ಬಂಗಾರದ ಓಲಿ, ಹೊಸಾ ಮುಲಾಮು. ತಿಂಡಿ ಎದ್ದ ಜಾಗನೇ ಅರ್ಧ ಹೇಳತದ: ಕಿವಿ ಹಾಲಿ ಮ್ಯಾಲ ಇದ್ದರ ಓಲಿ, ಬೆರಳ ಸಂದಿಯಾಗ ಇದ್ದರ ಕೆಲಸ, ಕಣ್ಣರೆಪ್ಪಿ ಕೊರಳು ಇದ್ದರ ಗಾಳಿ.

ಸಿಮೆಂಟು ಕೆಲಸಕ್ಕ ಹೋಗೋರು ರಬ್ಬರಿನ ಕೈಚೀಲ ಹಾಕ್ರಿ. ಬಟ್ಟಿ ಕೈಚೀಲ ಮಾಲು ಹೀರಿ ಚರ್ಮಕ್ಕೇ ಅಂಟಸತದ. ಒಮ್ಮಿ ಕ್ರೋಮಿಯಂ ಆಗದಂಗ ಆದವರಿಗಿ ಚರ್ಮದ ಕೈಚೀಲ, ಚರ್ಮದ ಚಪ್ಪಲಿನೂ ಆಗದೇ ಇರಬಹುದು, ಯಾಕಂದರ ಚರ್ಮ ಹದ ಮಾಡಾಕೂ ಅದೇ ಲೋಹ ಬಳಸತಾರ. ಮಾಲು ಹತ್ತಿದ ಸೀರಿ ಸಂಜಿ ತನ ಮೈಮ್ಯಾಲ ಇಟ್ಟುಕೋಬ್ಯಾಡ್ರಿ.

ಕಾಂಗ್ರೆಸ್ ಕಸ ಹೂ ಬಿಡೋಕಿಂತ ಮೊದಲು, ನೆಲ ಹಸಿ ಇದ್ದಾಗ, ಕೈಚೀಲ ಮತ್ತ ತೋಳು ತುಂಬ ಅಂಗಿ ಹಾಕಿ ಬೇರು ಸಮೇತ ಕೀಳ್ರಿ. ಆಗದವರು ಆ ಕೆಲಸಕ್ಕ ಹೋಗಲೇಬ್ಯಾಡ್ರಿ. ಮನಿಗಿ ಬಂದ ಕೂಡ್ಲೆ ಜಳಕ ಮಾಡ್ರಿ, ಸೀರಿ ಬ್ಯಾರೆ ಒಗೀರಿ. ಅಂಗಳ, ರಸ್ತಿ ಬಾಜು ಇದ್ದ ಕಸಕ್ಕ ಒಂದು ಲೀಟರ್ ನೀರಿಗಿ 200 ಗ್ರಾಂ ಅಡಿಗಿ ಉಪ್ಪು ಹಾಕಿ ಹೊಡದರ ಸಾಯತದ. ಬೆಳಿ ಇದ್ದ ಹೊಲದಾಗ ಉಪ್ಪು ಹೊಡಿಬ್ಯಾಡ್ರಿ, ನೆಲ ಕೆಡತದ.

ಅಂಗಡ್ಯಾಗ "ತಿಂಡಿ ಮುಲಾಮು ಕೊಡ್ರಿ" ಅಂದರ ಕೊಡೋ ಟ್ಯೂಬಿನಾಗ ಎಷ್ಟೋ ಸಲ ಸ್ಟಿರಾಯ್ಡ್ ಇರತದ. ಎರಡು ದಿನ ಹಚ್ಚಿದರ ತಂಪು, ತಿಂಗಳುಗಟ್ಟಲೆ ಮಾರಿಗಿ ಹಚ್ಚಿದರ ಚರ್ಮ ತೆಳ್ಳಗ ಆಗತದ, ಮಾರಿ ಕೆಂಪಾಗತದ, ಕೂದಲ ಬರತಾವ. 2018ರಾಗ ಕೇಂದ್ರ ಸರಕಾರ 14 ಸ್ಟಿರಾಯ್ಡ್ ಮುಲಾಮುಗಳನ್ನ ಡಾಕ್ಟರ್ ಚೀಟಿ ಬೇಕಾದ ಔಷಧದ ಪಟ್ಟಿಗಿ ಹಾಕಿತು. ಚೀಟಿ ತೊಗೊಂಡೇ ಹಚ್ಚರಿ, ಎಷ್ಟು ದಿನ ಅಂತ ಕೇಳಿ ಹಚ್ಚರಿ.

ಇದೆಲ್ಲದರಾಗ ಒಂದಕ್ಕ ಮಾತ್ರ ಲೆಕ್ಕ ಹಾಕಾಕ ಕುಂಡರಬಾರದು. ಗಂಧಿ ಜೊತಿ ತುಟಿ, ನಾಲಗಿ ಬಾತರ, ದನಿ ಕಟ್ಟಿದರ, ಉಸಿರು ಸಿಕ್ಕಿದರ, ವಾಂತಿ ಬಂದು ಕಣ್ಣು ಕತ್ತಲಿ ಆದರ ಕಂಬಳಿ ಹೊಚ್ಚಬ್ಯಾಡ್ರಿ, ಹುರಮಂಜು ಹುಡುಕಬ್ಯಾಡ್ರಿ. ಗುಳಿಗಿ ನುಂಗಿ ಕಾಯೋ ಹೊತ್ತೂ ಅಲ್ಲ. ಆಗ ಬೇಕಾದ್ದು ಅಡ್ರಿನಲಿನ್ ಸೂಜಿ, ಅದು ದವಾಖಾನ್ಯಾಗ ಇರತದ. 108ಕ್ಕ ಫೋನ್ ಹಚ್ಚರಿ, ಇಲ್ಲಾ ಸಿಕ್ಕ ಗಾಡಿ ಹತ್ತಿ ಹತ್ತಿರದ ದವಾಖಾನಿಗಿ ಹೋಗ್ರಿ. ಅಕಿನ್ನ ನಿಂದರಿಸಬ್ಯಾಡ್ರಿ, ನಡಸಬ್ಯಾಡ್ರಿ. ಕಣ್ಣು ಕತ್ತಲಿ ಬಂದರ ಮಲಗಿಸಿ ಕಾಲು ಎತ್ತರ ಮಾಡ್ರಿ, ಉಸಿರು ಸಿಕ್ಕತಿದ್ದರ ಒರಗಿ ಕುಂಡರಸ್ರಿ.

ಉಳಿದ ತಿಂಡಿಗಳಿಗಿ ಗ್ವಾಡಿ ಮ್ಯಾಲಿನ ಕ್ಯಾಲೆಂಡರೇ ಸಾಕು. ಹಾಲಿನ ಲೆಕ್ಕ ಬರೆಯೋ ಜಾಗದಾಗೇ ತಿಂಡಿ ಎದ್ದ ದಿನ ಒಂದು ಗುರುತು ಹಾಕ್ರಿ. ಅದರ ಹಿಂದಿನ ಮೂರು ದಿನ ಎಲ್ಲಿ ಹೋಗಿದ್ದಿರಿ, ಏನ್ ಮುಟ್ಟಿದಿರಿ, ಏನ್ ಹಚ್ಚಿಕೊಂಡಿರಿ, ಏನ್ ತಿಂದಿರಿ ಅಂತ ನಾಕು ಪದ ಬರೀರಿ. ಎರಡು ತಿಂಗಳು ಆದಮ್ಯಾಲ ಆ ಹಾಳಿ ಹರಕೊಂಡು ಚರ್ಮದ ಡಾಕ್ಟರ್ ಮುಂದ ಇಡ್ರಿ. ಮನ್ಯಾಗ ಸೊಸಿ, ಮಗಳು, ಅತ್ತಿ ಯಾರಿಗೇ ತಿಂಡಿ ಎದ್ದರೂ ಬದನಿಕಾಯಿ ಬಿಡಿಸೋಕಿಂತ ಮೊದಲು ಆ ಹಾಳಿ ನೋಡೂಣು.